ನಿರ್ಧಾರ ಮನೆಯವರದು, ಸಲಿಕೆ ನಮ್ಮದು: ವಿಕೋಪದ ನಂತರ ಊರು ಕಟ್ಟಲು ಹೊರಡುವ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ನೆರೆ ಇಳಿದ ಮನೆಯೊಂದರಲ್ಲಿ ನಾವು ಆರು ಜನ ಸೇರಿ ಮಧ್ಯಾಹ್ನದೊಳಗೆ ಒಂದಿಡೀ ಕೋಣೆಯ ಕೆಸರು ಎತ್ತಿ ಬೀದಿಬದಿಗೆ ಸುರಿದಿದ್ದೆವು. ಒಳ್ಳೆಯ ಕೆಲಸವಾಯಿತು ಅಂದುಕೊಂಡು ಕೈ ತೊಳೆಯುವ ಹೊತ್ತಿಗೆ ಮನೆಯಾಕೆ ಪರಿಹಾರ ಕೇಂದ್ರದಿಂದ ಬಂದರು. ಒಳಗೆ ಹೋಗಿ ನೋಡಿದರು. ಹೊರಗೆ ಬಂದು, ಏನೂ ಮಾತಾಡದೆ, ಆ ರಾಶಿಯ ಮುಂದೆ ಕೂತು ಬರಿಗೈಯಲ್ಲೇ ಕೆಸರು ಬಗೆಯತೊಡಗಿದರು. ಹುಡುಕುತ್ತಿದ್ದದ್ದು ಹೊಲಿಗೆ ಯಂತ್ರದ ತಲೆಭಾಗವನ್ನು. ಕೆಸರು ಮೆತ್ತಿಕೊಂಡಿದ್ದ ಅದನ್ನು ಹಳೇ ಕಬ್ಬಿಣವೆಂದು ಎಸೆದವರು ನಾವೇ. ಆ ಮನೆ ನಡೆಯುತ್ತಿದ್ದದ್ದೇ ಅದರಿಂದ. ಕೊನೆಗೆ ಸಿಕ್ಕಿತು. ತೊಳೆದು, ಸೀಮೆಎಣ್ಣೆಯಲ್ಲಿ ಒರೆಸಿ, ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಒಂದು ದಿನ ಇಟ್ಟ ಮೇಲೆ ಗಾಲಿ ತಿರುಗಿತು. ಆದರೆ ಅವರು ಆ ರಾಶಿಯ ಮುಂದೆ ಕೂತ ಬಗೆ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ.

ಅಂದಿನಿಂದ ನಮ್ಮ ತಂಡಕ್ಕೆ ಹೊಸದಾಗಿ ಬರುವವರಿಗೆಲ್ಲ ಮೊದಲು ಹೇಳುವ ಮಾತು ಒಂದೇ: ನಿರ್ಧಾರ ಮನೆಯವರದು, ಸಲಿಕೆ ನಮ್ಮದು. ಮುಂದೆ ಬರೆದಿರುವುದೆಲ್ಲ ಆ ಮಾತನ್ನು ದಿನದಿನದ ಕೆಲಸದಲ್ಲಿ ಹೇಗೆ ಪಾಲಿಸುವುದು ಎಂಬುದರ ವಿವರ.

ಹೊರಡುವ ಮೊದಲು: ನಿಮ್ಮನ್ನು ಯಾರು ಕರೆದರು?

1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ, ಮುಂದಿನ ಒಂದು ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಅಲ್ಲಿಗೆ ಬಂದರು. ಅಲ್ಲಿನವರು ಆ ವರ್ಷವನ್ನು ಸ್ವಯಂಸೇವೆಯ ಮೊದಲ ವರ್ಷ ಎಂದೇ ಕರೆಯುತ್ತಾರೆ. ಆದರೆ ಅಷ್ಟು ಜನ ಒಟ್ಟಿಗೆ ಬಂದಿಳಿದಾಗ ಯಾರನ್ನು ಎಲ್ಲಿಗೆ ಕಳಿಸುವುದು, ಎಲ್ಲಿ ಮಲಗಿಸುವುದು ಎಂಬುದೇ ದೊಡ್ಡ ತಲೆನೋವಾಗುತ್ತದೆ. ಕರೆಯದೆ ಬಂದವರಿಗೆ ಊಟ, ನೀರು, ಹಾಸಿಗೆ ಒದಗಿಸುವ ಹೊರೆ ಮನೆ ಕಳೆದುಕೊಂಡವರ ಮೇಲೆಯೇ ಬೀಳುತ್ತದೆ.

ಹಾಗಾಗಿ ಒಬ್ಬರೇ ಬ್ಯಾಗು ಹಾಕಿಕೊಂಡು ಹೊರಡಬೇಡಿ. ಆ ಪ್ರದೇಶದಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿರುವ ಸಂಸ್ಥೆ, ಅಲ್ಲಿನ ಸ್ಥಳೀಯ ಆಡಳಿತ ಅಥವಾ ಊರಿನ ಸಮಿತಿಯಲ್ಲಿ ಹೆಸರು ನೋಂದಾಯಿಸಿ. ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನೇರವಾಗಿ ಹೇಳಿ. ಗಾರೆ ಕೆಲಸ, ವೈರಿಂಗ್, ಪ್ಲಂಬಿಂಗ್, ನರ್ಸಿಂಗ್, ಲೆಕ್ಕಪತ್ರ, ಅಲ್ಲಿನ ಭಾಷೆ, ಭಾರಿ ವಾಹನ ಓಡಿಸುವುದು, ಎಲ್ಲಕ್ಕೂ ಬೇಡಿಕೆ ಇರುತ್ತದೆ. ಯಾವ ಕಸುಬೂ ಬಾರದಿದ್ದರೂ ಚಿಂತೆಯಿಲ್ಲ, ಕೆಸರು ಎತ್ತಲು ಬೇಕಾದದ್ದು ಬೆನ್ನು ಮತ್ತು ತಾಳ್ಮೆ. ಆದರೆ ಬಾರದ್ದನ್ನು ಬರುತ್ತದೆ ಎನ್ನಬೇಡಿ. ಅರೆಬರೆ ತಿಳಿದವರು ಮಾಡಿದ ವೈರಿಂಗ್ ಎರಡನೇ ದುರಂತಕ್ಕೆ ದಾರಿ.

ಯಾವಾಗ ಹೋಗಬೇಕು ಎಂಬುದರ ಬಗ್ಗೆ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. ಮೊದಲ ವಾರ ಎಲ್ಲರೂ ಇರುತ್ತಾರೆ, ಕ್ಯಾಮೆರಾಗಳೂ ಇರುತ್ತವೆ. ಮೂರನೇ ತಿಂಗಳಿಗೆ ಬೀದಿ ಖಾಲಿ. ಗೋಡೆ ಇನ್ನೂ ಒಣಗಿರುವುದಿಲ್ಲ, ಪರಿಹಾರದ ಅರ್ಜಿ ಯಾವುದೋ ಮೇಜಿನ ಮೇಲೆ ಕೂತಿರುತ್ತದೆ, ಮನೆಯವರ ಮೈಮನಸ್ಸು ಎರಡೂ ದಣಿದಿರುತ್ತವೆ. ನಿಮಗೆ ವರ್ಷಕ್ಕೆ ಒಂದೇ ಸಲ ರಜೆ ಸಿಗುವುದಾದರೆ ಅದನ್ನು ಆ ಮೂರನೇ ತಿಂಗಳಿಗೆ ಇಟ್ಟುಕೊಳ್ಳಿ. ಬಿದ್ದ ಕಟ್ಟಡದಡಿಯಿಂದ ಜನರನ್ನು ಹೊರತೆಗೆಯುವುದು ತರಬೇತಿ ಪಡೆದವರ ಕೆಲಸ. ನಮ್ಮ ಕೆಲಸ ಅದಾದ ಮೇಲೆ ಶುರುವಾಗಿ ವರ್ಷಗಟ್ಟಲೆ ನಡೆಯುವಂಥದ್ದು.

ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂದು ವೈದ್ಯರಲ್ಲಿ ಕೇಳಿ, ಬೇಕಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ. ನೆರೆ ಬಂದ ಊರಿಗೆ ಹೋಗುವವರು ಇಲಿ ಜ್ವರದ ಬಗ್ಗೆಯೂ ಕೇಳಬೇಕು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದ ಮೂಲಕ ಒಳಗೆ ಹೋದರೂ ಸಾಕು. ಕೆಲಸ ಮುಗಿಸಿ ಮನೆಗೆ ಮರಳಿದ ಮೇಲೆ ಜ್ವರ ಬಂದರೆ, ನೆರೆಯ ನೀರಿನಲ್ಲಿ ನಿಂತಿದ್ದೆ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಏನು ಒಯ್ಯಬೇಕು, ಏನು ಒಯ್ಯಬಾರದು

ಮೊಳೆ ನಾಟದಂಥ ಗಟ್ಟಿ ಅಟ್ಟೆಯ ಗಮ್‌ಬೂಟು, ಎರಡು ಜೊತೆ ದಪ್ಪ ಕೈಗವಸು, ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್, ಹೆಡ್‌ಲೈಟ್, ತುಂಬುತೋಳಿನ ಅಂಗಿ, ನಿಮಗೆ ಸಾಕಾಗುವಷ್ಟು ಕುಡಿಯುವ ನೀರು ಮತ್ತು ಊಟ, ನಿಮ್ಮ ಮಾತ್ರೆಗಳು. ಸಲಿಕೆ, ಗುದ್ದಲಿ, ಹಾರೆ, ಬಕೆಟ್, ತಳ್ಳುಗಾಡಿಗಳನ್ನು ತಂಡವಾಗಿ ಒಯ್ಯಿ, ಸಾಧ್ಯವಾದರೆ ಅಲ್ಲೇ ಬಿಟ್ಟು ಬನ್ನಿ.

ಹಳೇ ಬಟ್ಟೆ ಮಾತ್ರ ದಯವಿಟ್ಟು ಬೇಡ. ಯಾವುದೇ ವಿಕೋಪದ ನಂತರ ಪರಿಹಾರ ಕೇಂದ್ರಗಳ ಮುಂದೆ ಬಟ್ಟೆಯ ಗುಡ್ಡಗಳು ಏಳುತ್ತವೆ. ಅದನ್ನು ಬೇರ್ಪಡಿಸಲು ಹತ್ತಾರು ಕೈ ಬೇಕು, ಮಳೆಗೆ ನೆನೆದರೆ ಅದೇ ಒಂದು ಕಸದ ರಾಶಿ. ಕೊಡಲು ಮನಸ್ಸಿರುವವರು ಹಣ ಕೊಟ್ಟರೆ ಮನೆಯವರು ತಮಗೆ ಬೇಕಾದ್ದನ್ನು ಹತ್ತಿರದ ಅಂಗಡಿಯಲ್ಲಿ ಕೊಳ್ಳುತ್ತಾರೆ. ಆ ಅಂಗಡಿಯವನೂ ಅದೇ ನೆರೆಯಲ್ಲಿ ಮುಳುಗಿ ಎದ್ದವನು, ಅವನ ವ್ಯಾಪಾರವೂ ನಡೆಯಬೇಕು.

ಮೊದಲ ದಿನ ಸಲಿಕೆ ಮುಟ್ಟಬೇಡಿ

ಮೊದಲ ದಿನ ನಡೆಯಿರಿ, ನೋಡಿ, ಕೇಳಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಕಾಯಿಲೆ, ಯಾರು ಒಬ್ಬರೇ ಇದ್ದಾರೆ, ನೀರು ಎಲ್ಲಿಂದ ತರುತ್ತಾರೆ, ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಬರೆದುಕೊಳ್ಳಿ. ಒಂದು ಕೈನಕ್ಷೆ ಬಿಡಿಸಿ ಮನೆಗಳಿಗೆ ಸಂಖ್ಯೆ ಕೊಟ್ಟರೆ ಮುಂದಿನ ತಂಡಕ್ಕೂ ಅನುಕೂಲ.

ಊರಿನ ಸಭೆ ಕರೆದರೆ ಮಾತಾಡುವವರು ಯಾವಾಗಲೂ ಮಾತಾಡುವವರೇ. ಅಲ್ಲಿಗೆ ಬಾರದವರ ಪಟ್ಟಿ ನಿಮಗೆ ಹೆಚ್ಚು ಮುಖ್ಯ. ಬಾಡಿಗೆಗಿದ್ದವರು, ಒಂಟಿ ಮುದುಕರು, ಗಂಡನಿಲ್ಲದ ಹೆಂಗಸರು, ಓಡಾಡಲಾಗದವರು, ಬೇರೆ ಕಡೆಯಿಂದ ದುಡಿಯಲು ಬಂದವರು. ಇವರ ಮನೆ ಬಾಗಿಲಿಗೆ ನೀವೇ ಹೋಗಬೇಕು. ಹೆಂಗಸರ ಹತ್ತಿರ ಹೆಂಗಸರೇ ಕೂತು ಮಾತಾಡಿದರೆ ಮಾತ್ರ ಹೊರಬರುವ ಸಂಗತಿಗಳಿವೆ: ಕತ್ತಲಲ್ಲಿ ಕಕ್ಕಸಿಗೆ ಹೋಗಲು ಭಯ, ಸ್ನಾನಕ್ಕೆ ಮರೆಯಿಲ್ಲ, ಮುಟ್ಟಿನ ಬಟ್ಟೆಗೆ ಗತಿಯಿಲ್ಲ.

"ನಿಮಗೆ ಏನು ಬೇಕು" ಎಂದು ಕೇಳಿದರೆ "ಎಲ್ಲವೂ" ಎಂಬ ಉತ್ತರ ಬರುತ್ತದೆ, ಅಥವಾ ನಿಮ್ಮ ಹತ್ತಿರ ಏನಿರಬಹುದೋ ಅದನ್ನೇ ಕೇಳುತ್ತಾರೆ. ಅದರ ಬದಲು "ನಾಳೆ ಬೆಳಿಗ್ಗೆ ನಿಮಗೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಯಾವುದು?" ಎಂದು ಕೇಳಿ ನೋಡಿ. ನಾನು ಈ ಪ್ರಶ್ನೆ ಕೇಳಿದ ಒಂದು ಮನೆಯ ಹಿರಿಯರು ಸೂರನ್ನೂ ಹೇಳಲಿಲ್ಲ, ಹಾಸಿಗೆಯನ್ನೂ ಹೇಳಲಿಲ್ಲ. ಬಾಗಿಲಿಗೆ ಚಿಲಕ ಹಾಕಿಸಿಕೊಡಿ ಎಂದರು. ಉಳಿದ ಸಾಮಾನು ಕಾಯುತ್ತ ರಾತ್ರಿಯಿಡೀ ಎಚ್ಚರವಿದ್ದರಂತೆ.

ಮಾತು ಕೊಡುವಾಗ ಕೈ ಬಿಗಿ ಹಿಡಿಯಿರಿ. "ನೋಡೋಣ, ವ್ಯವಸ್ಥೆ ಮಾಡ್ತೀವಿ" ಎಂಬುದನ್ನು ನೀವು ಸಮಾಧಾನಕ್ಕೆ ಹೇಳಿರಬಹುದು, ಎಲ್ಲ ಕಳೆದುಕೊಂಡವರಿಗೆ ಅದು ಕೊಟ್ಟ ಮಾತು.

ಮನೆಯೊಳಗೆ ಕಾಲಿಡುವ ಮುನ್ನ

ಹೊರಗಿನಿಂದ ಮನೆಯನ್ನು ಒಂದು ಸುತ್ತು ಹಾಕಿ. ಗೋಡೆ ವಾಲಿದೆಯೇ, ಮೂಲೆಗಳಲ್ಲಿ ಓರೆ ಬಿರುಕು ಇದೆಯೇ, ಅಡಿಪಾಯದ ಮಣ್ಣು ಕೊಚ್ಚಿಹೋಗಿದೆಯೇ, ಸೂರು ಜಗ್ಗಿದೆಯೇ? ಅನುಮಾನ ಬಂದರೆ ಎಂಜಿನಿಯರ್ ನೋಡುವವರೆಗೆ ಹೊರಗೇ ಇರಿ. ಅನೇಕ ದೇಶಗಳಲ್ಲಿ ತಪಾಸಣೆಯಾದ ಕಟ್ಟಡಕ್ಕೆ ಹಸಿರು, ಹಳದಿ, ಕೆಂಪು ಚೀಟಿ ಅಂಟಿಸುತ್ತಾರೆ. ಕೆಂಪು ಚೀಟಿಯಿದ್ದ ಮನೆಯೊಳಗೆ "ಒಂದೇ ನಿಮಿಷ, ಒಂದು ಪೆಟ್ಟಿಗೆ ತರ್ತೀನಿ" ಎಂದು ಮನೆಯವರು ಬೇಡಿಕೊಂಡರೂ ಹೋಗಬೇಡಿ, ಅವರನ್ನೂ ಬಿಡಬೇಡಿ. ನಿರ್ಧಾರ ಮನೆಯವರದು ಎಂಬ ಮಾತಿಗೆ ಇದೊಂದೇ ಹೊರತು.

ಭೂಕಂಪದ ನಂತರ ನೆಲ ಮತ್ತೆ ಮತ್ತೆ ನಡುಗುತ್ತದೆ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾಗಿ, ಹದಿನೇಳು ದಿನಗಳ ಮೇಲೆ, ಮೇ 12ರಂದು 7.3 ತೀವ್ರತೆಯ ಮತ್ತೊಂದು ಬಂತು. ಮೊದಲನೆಯದಕ್ಕೆ ಬಿರುಕು ಬಿಟ್ಟು ನಿಂತಿದ್ದ ಕಟ್ಟಡಗಳು ಎರಡನೆಯದಕ್ಕೆ ಬಿದ್ದವು. ಒಳಗೆ ಕೆಲಸ ಮಾಡುವಾಗ ಹೊರಬರುವ ದಾರಿಯಲ್ಲಿ ಏನನ್ನೂ ಇಡಬೇಡಿ, ಹೊರಗೆ ಒಬ್ಬರು ಕಾಯುತ್ತಿರಲಿ.

ಕರೆಂಟಿನ ಮೇನ್ ಸ್ವಿಚ್ ಆಫ್ ಆಗಿದೆಯೇ, ಗ್ಯಾಸ್ ಮುಚ್ಚಿದೆಯೇ ನೋಡಿ. ನೀರಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ. ನೆನೆದ ವೈರಿಂಗನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಕರೆಂಟು ಕೊಡುವಂತಿಲ್ಲ. ಜನರೇಟರನ್ನಾಗಲಿ ಪೆಟ್ರೋಲ್ ಪಂಪನ್ನಾಗಲಿ ಮನೆಯೊಳಗೆ, ಜಗಲಿಯಲ್ಲಿ, ಕಿಟಕಿಯ ಪಕ್ಕದಲ್ಲಿ ಓಡಿಸಬೇಡಿ. ಅದು ಉಗುಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದಿಲ್ಲ. ಹಳೇ ಕಲ್ನಾರಿನ ಶೀಟುಗಳನ್ನು ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಎತ್ತಿ ಬೇರೆ ಇಡಿ, ಏಕೆಂದರೆ ಒಡೆದಾಗ ಏಳುವ ಎಳೆ ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬಾರದು. ಕೆಸರಿನ ಸಂದುಗೊಂದುಗಳಲ್ಲಿ ಹಾವು ಸೇರಿರುತ್ತದೆ, ಕೈ ಹಾಕುವ ಮೊದಲು ಕೋಲು ಆಡಿಸಿ.

ಕೆಸರು ತುಂಬಿದ ಮನೆ: ಒಂದೊಂದೇ ಹೆಜ್ಜೆ

ಮೊದಲ ಹೆಜ್ಜೆ ಫೋಟೋ. ಒಂದೂ ವಸ್ತು ಕದಲಿಸುವ ಮುನ್ನ ಪ್ರತಿ ಕೋಣೆ, ನೀರು ನಿಂತ ಗುರುತು, ಹಾಳಾದ ಪ್ರತಿ ಸಾಮಾನಿನ ಚಿತ್ರವನ್ನು ಮನೆಯವರ ಫೋನಿನಲ್ಲೇ ತೆಗೆಯಿರಿ. ಪರಿಹಾರಕ್ಕೋ ವಿಮೆಗೋ ಅರ್ಜಿ ಹಾಕುವಾಗ ಅವರ ಹತ್ತಿರ ಉಳಿಯುವ ಸಾಕ್ಷಿ ಅದೊಂದೇ. ನಾವು ಚೊಕ್ಕಟ ಮಾಡಿಕೊಟ್ಟ ಮನೆ ನೋಡಿ "ಇಲ್ಲಿ ಹಾನಿಯೇ ಆಗಿಲ್ಲವಲ್ಲ" ಎಂದು ಹೇಳಿದ ತಪಾಸಕರೊಬ್ಬರನ್ನು ನಾನು ಕಂಡಿದ್ದೇನೆ.

ಎರಡನೆಯದು ನೀರು. ನೆಲಮಾಳಿಗೆಯಲ್ಲಿ ನೀರು ತುಂಬಿದ್ದರೆ ಒಂದೇ ಸಲ ಪಂಪ್ ಮಾಡಿ ಖಾಲಿ ಮಾಡುವ ಆಸೆ ಬೇಡ. ಹೊರಗಿನ ಮಣ್ಣು ಇನ್ನೂ ನೀರು ಕುಡಿದು ಭಾರವಾಗಿರುತ್ತದೆ, ಒಳಗಿನ ನೀರಿನ ಆಸರೆ ತಪ್ಪಿದೊಡನೆ ಗೋಡೆ ಒಳಕ್ಕೆ ಕುಸಿಯಬಹುದು. ದಿನಕ್ಕೆ ಮೂರನೇ ಒಂದು ಭಾಗದಂತೆ ಇಳಿಸಿ.

ಮೂರನೆಯದು ಕೆಸರು. ಹಸಿಯಿರುವಾಗಲೇ ಎತ್ತಬೇಕು. ಒಣಗಿದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಪುಡಿಯಾದರೆ ಮೂಗಿಗೆ ಏರುತ್ತದೆ. ಒಳಮೂಲೆಯಿಂದ ಬಾಗಿಲ ಕಡೆಗೆ ಬನ್ನಿ. ಸಾಲಾಗಿ ನಿಂತು ಬಕೆಟ್ ಕೈಬದಲಿಸಿದರೆ ದಣಿವು ಕಡಿಮೆ. ಬಕೆಟನ್ನು ಅರ್ಧ ಮಾತ್ರ ತುಂಬಿ. ಹಸಿ ಕೆಸರಿನ ಭಾರ ನೋಡಿದರೆ ತಿಳಿಯುವುದಿಲ್ಲ, ಎತ್ತಿದರೆ ಬೆನ್ನಿಗೇ ತಿಳಿಯುವುದು. ಎತ್ತಿದ ಕೆಸರನ್ನು ಚರಂಡಿಗೆ ತಳ್ಳಬೇಡಿ, ಚರಂಡಿ ಕಟ್ಟಿಕೊಂಡು ಮುಂದಿನ ಮಳೆಗೆ ನೀರು ಮನೆಗೇ ಮರಳುತ್ತದೆ.

ಈಗ ಹೊಲಿಗೆ ಯಂತ್ರದ ಪಾಠ. ಹೊರಬಂದ ಪ್ರತಿ ವಸ್ತುವಿಗೂ ಮೂರು ಜಾಗ ಮಾಡಿ: ಇಟ್ಟುಕೊಳ್ಳುವುದು, ಎಸೆಯುವುದು, ಕೇಳಿ ನೋಡುವುದು. ಮೊದಲ ಎರಡು ಜಾಗಕ್ಕೆ ವಸ್ತು ಹೋಗಬೇಕಾದರೆ ಮನೆಯವರ ಬಾಯಿಂದಲೇ ಮಾತು ಬರಬೇಕು. ಅವರು ಇಲ್ಲದಿದ್ದರೆ ಎಲ್ಲವೂ ಮೂರನೆಯದಕ್ಕೆ. ನೆರಳಲ್ಲಿ ಒಂದು ಕುರ್ಚಿ ಹಾಕಿ ಅವರನ್ನು ಕೂರಿಸಿ, ಒಂದೊಂದೇ ತಂದು ತೋರಿಸಿ. ಒಂದು ಮುರಿದ ಲೋಟ ಹಿಡಿದು ಅವರು ಐದು ನಿಮಿಷ ಮಾತಾಡಬಹುದು. ಆ ಐದು ನಿಮಿಷ ಕೊಡಿ.

ನೆನೆದ ಹಾಸಿಗೆ, ದಿಂಬು, ಕಾರ್ಪೆಟ್ಟು ಉಳಿಯುವುದಿಲ್ಲ. ಚರಂಡಿ ನೀರು ಕುಡಿದ ಹತ್ತಿಯನ್ನು ಯಾವ ಸೋಪೂ ಶುದ್ಧ ಮಾಡದು. ಲೋಹ, ಗಾಜು, ಗಟ್ಟಿ ಪ್ಲಾಸ್ಟಿಕ್, ಪಿಂಗಾಣಿ ತೊಳೆದರೆ ಉಳಿಯುತ್ತವೆ. ಗಟ್ಟಿ ಮರದ ಪೀಠೋಪಕರಣವನ್ನು ಬಿಸಿಲಿಗೆ ಇಟ್ಟರೆ ಸೀಳುತ್ತದೆ, ನೆರಳಿನಲ್ಲಿ ಗಾಳಿಗೆ ನಿಧಾನವಾಗಿ ಒಣಗಿಸಿ.

ನಾಲ್ಕನೆಯದು ತೊಳೆದು ಒಣಗಿಸುವುದು. ಬೂಷ್ಟು 24ರಿಂದ 48 ಗಂಟೆಯೊಳಗೆ ಹಿಡಿಯತೊಡಗುತ್ತದೆ. ಕಿಟಕಿ ಬಾಗಿಲು ತೆರೆದಿಡಿ, ಗೋಡೆಯ ನೆನೆದ ಒಳಹೊದಿಕೆಗಳನ್ನು ಕಿತ್ತುಹಾಕಿ. ಗೋಡೆ ನೆಲವನ್ನು ಮೊದಲು ಸೋಪುನೀರಲ್ಲಿ ಉಜ್ಜಿ ತೊಳೆದು, ಆಮೇಲೆ ಬ್ಲೀಚ್ ಹಾಕಿ. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯೊಂದಿಗೇ ಸೆಣಸಿ ಶಕ್ತಿ ಕಳೆದುಕೊಳ್ಳುತ್ತದೆ. ಮನೆಬಳಕೆಯ ದ್ರವ ಬ್ಲೀಚಾದರೆ 4 ಲೀಟರ್ ನೀರಿಗೆ 240 ಮಿಲಿಲೀಟರಿಗಿಂತ ಹೆಚ್ಚು ಬೇಡ. ಬ್ಲೀಚಿಗೆ ಅಮೋನಿಯಾವನ್ನಾಗಲಿ ಆಸಿಡ್ಡನ್ನಾಗಲಿ ಯಾವ ಕಾರಣಕ್ಕೂ ಬೆರೆಸಬೇಡಿ, ಹೊರಡುವ ಅನಿಲ ವಿಷ. ಮೇಲ್ಮೈ ಒಣಗಿದ್ದು ಕಂಡು ಬಣ್ಣ ಬಳಿಯುವ ಆತುರ ಎಲ್ಲರಿಗೂ ಇರುತ್ತದೆ. ಗೋಡೆಯ ಒಳಗು ಒಣಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆತುರಪಟ್ಟರೆ ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ, ಅದರ ಹಿಂದೆ ಬೂಷ್ಟು ಬೆಳೆದಿರುತ್ತದೆ.

ಇನ್ನು ಫೋಟೋ ಆಲ್ಬಮ್. ಇದಕ್ಕೆ ಒಬ್ಬರನ್ನು ಪ್ರತ್ಯೇಕವಾಗಿ ಕೂರಿಸಿ ಎಂದು ನಾನು ಹಟ ಹಿಡಿಯುತ್ತೇನೆ. 2011ರ ಮಾರ್ಚ್ 11ರ ಸುನಾಮಿಯ ನಂತರ ಜಪಾನಿನ ಸ್ವಯಂಸೇವಕರು ಕೆಸರಿನಿಂದ ಹೆಕ್ಕಿದ ಲಕ್ಷಾಂತರ ಫೋಟೋಗಳನ್ನು ತೊಳೆದು, ಒಣಗಿಸಿ, ವಾರಸುದಾರರು ಬಂದು ಗುರುತಿಸಿಕೊಳ್ಳಲೆಂದು ಸಾಲಾಗಿ ಇಟ್ಟರು. ವಿಧಾನ ಕಷ್ಟದ್ದಲ್ಲ. ಆಲ್ಬಮ್ ಇನ್ನೂ ಒದ್ದೆಯಿರುವಾಗಲೇ ಹಾಳೆಗಳನ್ನು ಬಿಡಿಸಿ, ಒಣಗಿದರೆ ಒಂದಕ್ಕೊಂದು ಅಂಟಿಬಿಡುತ್ತವೆ. ಅಗಲ ತಟ್ಟೆಯಲ್ಲಿ ತಣ್ಣಗಿನ ಶುದ್ಧ ನೀರು ಹಾಕಿ, ಫೋಟೋವಿನ ಅಂಚು ಹಿಡಿದು ಮೆಲ್ಲಗೆ ಅಲುಗಾಡಿಸಿ. ಚಿತ್ರದ ಮೇಲೆ ಬೆರಳಾಗಲಿ ಬಟ್ಟೆಯಾಗಲಿ ತಾಗಬಾರದು. ನೆನೆದ ಬಣ್ಣದ ಪದರ ಬೆರಳಿಗೇ ಬರುತ್ತದೆ. ನೀರು ಕದಡಿದೊಡನೆ ಬದಲಿಸಿ. ಚಿತ್ರ ಮೇಲಾಗಿ ನೆರಳಲ್ಲಿ ಹರಡಿ. ಅಷ್ಟು ಸಮಯವಿಲ್ಲ, ರಾಶಿ ದೊಡ್ಡದು ಎಂದರೆ ಫೋಟೋಗಳ ನಡುವೆ ಮೇಣದ ಕಾಗದ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ವಾರಗಳ ನಂತರವೂ ತೆಗೆದು ತೊಳೆಯಬಹುದು. ನೆನೆದ ಜಮೀನಿನ ಪತ್ರ, ಅಂಕಪಟ್ಟಿಗಳಿಗೂ ಫ್ರೀಜರ್ ಒಳ್ಳೆಯ ಉಪಾಯ.

ನೀರು ಮತ್ತು ಕಕ್ಕಸು

1997ರಲ್ಲಿ ಪರಿಹಾರ ಸಂಸ್ಥೆಗಳು ಕೂಡಿ ಆರಂಭಿಸಿದ ಸ್ಫಿಯರ್ ಎಂಬ ಮಾನದಂಡಗಳಿವೆ. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ನೀರಿನ ನಲ್ಲಿ 500 ಮೀಟರ್ ಒಳಗೆ, ಪರಿಸ್ಥಿತಿ ಸ್ವಲ್ಪ ಹತೋಟಿಗೆ ಬಂದ ಮೇಲೆ 20 ಜನಕ್ಕೆ ಒಂದು ಕಕ್ಕಸು, ಕಕ್ಕಸಿನ ಗುಂಡಿ ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ. ಈ ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಶಿಬಿರದ ಉಸ್ತುವಾರಿ ನೋಡುವವರೊಂದಿಗೆ "ನೀರು ಸಾಲದು" ಎಂದು ವಾದಿಸುವುದಕ್ಕಿಂತ "ಇಲ್ಲಿ ತಲೆಗೆ 6 ಲೀಟರ್ ಬೀಳುತ್ತಿದೆ, 15 ಬೇಕು" ಎಂದರೆ ಕೆಲಸ ಬೇಗ ಆಗುತ್ತದೆ. ಕಕ್ಕಸಿನ ಬಾಗಿಲಿಗೆ ಒಳಚಿಲಕ, ದಾರಿಗೆ ದೀಪ ಎರಡೂ ಬೇಕು.

ಕುಡಿಯುವ ನೀರಿಗೆ ಕ್ಲೋರಿನ್ ಹಾಕುವಾಗ ಮೊದಲು ನೀರನ್ನು ತಿಳಿಯಾಗಿಸಿ, ಸೋಸಿ. ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದ ಕ್ಲೋರಿನ್ ಇರಬೇಕು. ಪರೀಕ್ಷೆಯ ಕಿಟ್ ಅಗ್ಗ, ಬಳಸಲು ಹತ್ತು ನಿಮಿಷದಲ್ಲಿ ಕಲಿಯಬಹುದು, ಊರಿನ ಹುಡುಗ ಹುಡುಗಿಯರಿಗೇ ಕಲಿಸಿಬಿಡಿ.

ಬಾವಿ ಶುಚಿ ಮಾಡುವುದರಲ್ಲಿ ಒಂದು ಎಚ್ಚರ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಶ್ರೀಲಂಕಾದ ಕರಾವಳಿಯಲ್ಲಿ ಸಮುದ್ರದ ನೀರು ನುಗ್ಗಿದ ಬಾವಿಗಳನ್ನು ಬೇರೆ ಬೇರೆ ತಂಡಗಳು ಒಂದರ ನಂತರ ಒಂದು ಬಂದು ಪಂಪ್ ಮಾಡಿ ಖಾಲಿ ಮಾಡಿದವು. ಕರಾವಳಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಅತಿಯಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಹಾಗೆಯೇ ಆಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಬಾವಿ ಸಿಹಿಯಾಗುವುದನ್ನು ತಡ ಮಾಡಿತು. ಬಾವಿಗೆ ಕೈಹಾಕುವ ಮೊದಲು ಯಾರಾದರೂ ಆಗಲೇ ಮಾಡಿದ್ದಾರೆಯೇ ಕೇಳಿ, ಮಾಡಿದ ದಿನಾಂಕವನ್ನು ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಯಿರಿ.

ಹೆಣಗಳಿಂದ ಸಾಂಕ್ರಾಮಿಕ ಹಬ್ಬುತ್ತದೆ ಎಂಬ ಭಯ ಪ್ರತಿಸಲವೂ ಏಳುತ್ತದೆ. ವಿಕೋಪದಲ್ಲಿ ಗಾಯದಿಂದಲೋ ಮುಳುಗಿಯೋ ಸತ್ತವರ ದೇಹದಿಂದ ಸಾಂಕ್ರಾಮಿಕ ಏಳುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದಿನಿಂದ ಹೇಳುತ್ತಿದೆ. ಆತುರದ ಸಾಮೂಹಿಕ ಸಂಸ್ಕಾರಕ್ಕೆ ಒತ್ತಾಸೆ ಕೊಡಬೇಡಿ. ಗುರುತು ಹಿಡಿಯುವ, ಬೀಳ್ಕೊಡುವ ಹಕ್ಕು ಮನೆಯವರಿಗಿದೆ.

ಬಿದ್ದ ಮನೆ ಎಬ್ಬಿಸುವಾಗ

ಬಿದ್ದ ಮನೆಯ ರಾಶಿ ಬರಿಯ ಕಸವಲ್ಲ. ಕಲ್ಲು, ಇಟ್ಟಿಗೆ, ತೊಲೆ, ಬಾಗಿಲು, ಹೆಂಚು, ಕಿಟಕಿ ಸರಳು ಎಲ್ಲವೂ ಮರುಬಳಕೆಗೆ ಬರುತ್ತವೆ. ಜೆಸಿಬಿ ತಂದು ಒಂದು ಗಂಟೆಯಲ್ಲಿ ಸಮತಟ್ಟು ಮಾಡಿದರೆ ಅರ್ಧ ಮನೆಯ ಸಾಮಗ್ರಿ ಮಣ್ಣುಪಾಲು. ಕೈಯಲ್ಲಿ ಬಿಡಿಸಿ, ಬಗೆಬಗೆಯಾಗಿ ಜೋಡಿಸಿ, ಯಾರ ಮನೆಯದೆಂದು ಗುರುತು ಹಾಕುವ ಕೆಲಸ ಸ್ವಯಂಸೇವಕರಿಗೆ ಹೇಳಿ ಮಾಡಿಸಿದ್ದು.

2001ರ ಜನವರಿ 26ರ ಭುಜ್ ಭೂಕಂಪದ ನಂತರ ಗುಜರಾತಿನಲ್ಲಿ, 2005ರ ಅಕ್ಟೋಬರ್ 8ರ ಕಾಶ್ಮೀರ ಭೂಕಂಪದ ನಂತರ ಪಾಕಿಸ್ತಾನದ ಹಳ್ಳಿಗಳಲ್ಲಿ ಬಹುಪಾಲು ಮನೆಗಳನ್ನು ಮನೆಯವರೇ ಕಟ್ಟಿಸಿಕೊಂಡರು. ಸರ್ಕಾರ ಕಂತಿನಲ್ಲಿ ಹಣ ಕೊಟ್ಟಿತು, ಒಂದು ಹಂತದ ಕೆಲಸವನ್ನು ಎಂಜಿನಿಯರ್ ನೋಡಿ ಒಪ್ಪಿದ ಮೇಲೆ ಮುಂದಿನ ಕಂತು. ಗುತ್ತಿಗೆದಾರರು ಸಾಲಾಗಿ ಕಟ್ಟಿಕೊಟ್ಟ ಒಂದೇ ಅಚ್ಚಿನ ಮನೆಗಳಿಗಿಂತ ಇದು ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ದನ ಕಟ್ಟಲು ಜಾಗವಿಲ್ಲದ, ಹಿತ್ತಿಲಿಲ್ಲದ ಮನೆಗೆ ಬೀಗ ಹಾಕಿ ಜನ ಹಳೇ ಜಾಗಕ್ಕೇ ಮರಳಿದ್ದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಇಂಥ ವ್ಯವಸ್ಥೆಯಲ್ಲಿ ಸ್ವಯಂಸೇವಕ ಕಟ್ಟಬೇಕಾದ್ದಕ್ಕಿಂತ ಜೊತೆಗಿರಬೇಕಾದ್ದು ಹೆಚ್ಚು. ಸಿಮೆಂಟ್ ಬಂದ ದಿನಾಂಕ ನೋಡುವುದು, ಕಂತಿನ ಲೆಕ್ಕ ಬರೆದಿಡುವುದು, ಗಾರೆಯವರಿಗೆ ತರಬೇತಿ ಏರ್ಪಡಿಸುವುದು, ಕೈಲಾಗದವರ ಮನೆಗೆ ಕೈಕೂಡಿಸುವುದು.

ಕೆಲವು ಸಂಗತಿಗಳನ್ನು ನೀವು ಎಂಜಿನಿಯರ್ ಅಲ್ಲದಿದ್ದರೂ ಕಣ್ಣಿಟ್ಟು ನೋಡಬಹುದು. ಭೂಕಂಪದ ಸೀಮೆಯಲ್ಲಿ ಕಲ್ಲಿನ ಗೋಡೆ ಕಟ್ಟುವಾಗ ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲುಗಳನ್ನು ನಡುನಡುವೆ ಇಡುತ್ತಿದ್ದಾರೆಯೇ? ಇಲ್ಲದಿದ್ದರೆ ನಡುಕಕ್ಕೆ ಗೋಡೆ ಎರಡು ಪದರವಾಗಿ ಸೀಳುತ್ತದೆ. ತಳಪಾಯದ ಮಟ್ಟದಲ್ಲಿ, ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತಲೂ ಎಲ್ಲೂ ತುಂಡಾಗದಂತೆ ಕಾಂಕ್ರೀಟಿನ ಅಥವಾ ಮರದ ಪಟ್ಟಿ ಹಾಯ್ದಿದೆಯೇ? ಡಬ್ಬಕ್ಕೆ ಕಟ್ಟಿದ ಹಗ್ಗದಂತೆ ಅದು ನಾಲ್ಕೂ ಗೋಡೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಬಾಗಿಲು ಕಿಟಕಿಗಳು ಮೂಲೆಗೆ ತೀರ ಹತ್ತಿರವಾಗಿವೆಯೇ? ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸುತ್ತಿದ್ದಾರೆಯೇ? ಚಂಡಮಾರುತದ ಸೀಮೆಯಲ್ಲಾದರೆ ನಾಲ್ಕೂ ಕಡೆಗೆ ಇಳಿಜಾರಿರುವ ಮಾಡು ಎರಡು ಕಡೆಯ ಇಳಿಜಾರಿಗಿಂತ ಗಾಳಿಗೆ ತಡೆಯುತ್ತದೆ. ಮಾಡಿನ ತೊಲೆಯಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ ಕಬ್ಬಿಣದ ಪಟ್ಟಿಯ ಬಿಗಿತ ಎಲ್ಲೂ ತಪ್ಪಬಾರದು. ನೆರೆಯ ಸೀಮೆಯಲ್ಲಿ ನೀರು ನಿಂತ ಗುರುತಿಗಿಂತ ಎತ್ತರಕ್ಕೆ ನೆಲಗಟ್ಟು ಮತ್ತು ಸ್ವಿಚ್ಚುಗಳು ಇರಲಿ. ವಿಕೋಪದ ಅಪಾಯ ತಗ್ಗಿಸಲೆಂದು 2015ರಲ್ಲಿ ವಿಶ್ವಸಂಸ್ಥೆಯ ದೇಶಗಳು ಒಪ್ಪಿದ ಸೆಂಡಾಯ್ ಚೌಕಟ್ಟು ಮೊದಲಿಗಿಂತ ಗಟ್ಟಿಯಾಗಿ ಕಟ್ಟುವುದನ್ನು ನಾಲ್ಕು ಆದ್ಯತೆಗಳಲ್ಲಿ ಒಂದಾಗಿಸಿದೆ. ಬಿದ್ದಂತೆಯೇ ಮತ್ತೆ ಕಟ್ಟಿದರೆ ಮತ್ತೆ ಬೀಳುತ್ತದೆ.

ಅಲ್ಲಿಯವರೆಗೆ ತಾತ್ಕಾಲಿಕ ಸೂರು. ಅಲ್ಲಿ ನನಗಿರುವ ಒಂದೇ ಒತ್ತಾಯ, ನೆರೆಹೊರೆಯವರನ್ನು ಒಡೆಯಬೇಡಿ ಎಂಬುದು. ಕೋಬೆಯಲ್ಲಿ ವೃದ್ಧರಿಗೆ ಆದ್ಯತೆ ಕೊಟ್ಟು, ಚೀಟಿ ಎತ್ತಿ ತಾತ್ಕಾಲಿಕ ಮನೆ ಹಂಚಿದರು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಜೀವಮಾನವಿಡೀ ಗೋಡೆಗೆ ಗೋಡೆ ಹಂಚಿಕೊಂಡಿದ್ದವರು ದಿಕ್ಕಾಪಾಲಾದರು. ಒಬ್ಬಂಟಿ ವೃದ್ಧರು ಯಾರಿಗೂ ತಿಳಿಯದೆ ಸತ್ತು ಎಷ್ಟೋ ದಿನಗಳ ನಂತರ ಪತ್ತೆಯಾದರು. ಹಂಚಿಕೆಯ ಪಟ್ಟಿ ನಿಮ್ಮ ಕೈಗೆ ಬಂದರೆ ಹೆಸರುಗಳನ್ನು ಓಣಿಯ ಪ್ರಕಾರ ಜೋಡಿಸಿ ಕೊಡಿ.

ಕಾಗದಪತ್ರ ಮತ್ತು ದುಡಿಮೆ

ಯಾರೂ ಫೋಟೋ ತೆಗೆಯದ, ಆದರೆ ಸಲಿಕೆಯಷ್ಟೇ ಮುಖ್ಯವಾದ ಕೆಲಸ ಅರ್ಜಿ ತುಂಬುವುದು. ವಾರಕ್ಕೆ ಎರಡು ದಿನ ಒಂದು ಮೇಜು ಹಾಕಿ ಕೂತುಕೊಳ್ಳಿ. ಕಳೆದುಹೋದ ಗುರುತಿನ ಚೀಟಿ, ಆಸ್ತಿ ಪತ್ರ, ಬ್ಯಾಂಕ್ ಪುಸ್ತಕದ ನಕಲು ಎಲ್ಲಿ ಸಿಗುತ್ತದೆ, ಕೊನೆಯ ದಿನ ಯಾವುದು ಎಂದು ತಿಳಿದುಕೊಂಡು ಗೋಡೆಗೆ ದೊಡ್ಡಕ್ಷರದಲ್ಲಿ ಅಂಟಿಸಿ. ಸಲ್ಲಿಸಿದ ಪ್ರತಿ ಅರ್ಜಿಯ ಸ್ವೀಕೃತಿ ಮನೆಯವರ ಕೈಯಲ್ಲೇ ಇರಲಿ, ನಿಮ್ಮ ಫೈಲಿನಲ್ಲಲ್ಲ.

ದುಡಿಮೆ ಮರಳದೆ ಊರು ಮರಳುವುದಿಲ್ಲ. 2004ರ ಸುನಾಮಿಯ ನಂತರ ಮೀನುಗಾರರಿಗೆ ದೋಣಿ ಕೊಡಲು ಎಷ್ಟೊಂದು ಸಂಸ್ಥೆಗಳು ಮುಗಿಬಿದ್ದವೆಂದರೆ ಕೆಲವೆಡೆ ಮೊದಲಿದ್ದದ್ದಕ್ಕಿಂತ ಹೆಚ್ಚು ದೋಣಿಗಳಾದವು. ಅವುಗಳಲ್ಲಿ ಎಷ್ಟೋ ಅಲ್ಲಿನ ಕಡಲಿಗೆ ಹೊಂದುವಂಥವಲ್ಲ. ಬಲೆ ಹೆಣೆಯುವವರು, ಮೀನು ಮಾರುವ ಹೆಂಗಸರು ಯಾರ ಪಟ್ಟಿಯಲ್ಲೂ ಇರಲಿಲ್ಲ. ಸಲಕರಣೆ ಕೊಡುವ ಮೊದಲು ಅದನ್ನು ಬಳಸುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಊರಿನ ಗಾರೆಯವರು, ಬಡಗಿಗಳು ಕೆಲಸವಿಲ್ಲದೆ ಕೂತಿರುವಾಗ ನೀವು ಪುಕ್ಕಟೆ ಗೋಡೆ ಕಟ್ಟಿದರೆ ಅವರ ಕೂಲಿ ಕಿತ್ತುಕೊಂಡಂತೆ. ಅವರಿಗೆ ಕೂಲಿ ಕೊಡಿಸಿ, ನೀವು ಇಟ್ಟಿಗೆ ಹೊತ್ತುಕೊಡಿ.

ಮಾತು, ಮೌನ, ಮಕ್ಕಳು

ಮನಸ್ಸಿನ ಪ್ರಥಮ ಚಿಕಿತ್ಸೆಗೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡಿ, ಆಲಿಸಿ, ನೆರವಿಗೆ ಜೋಡಿಸಿ. ಆ ದಿನ ಏನಾಯಿತು ಎಂದು ಕೆದಕಿ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. "ಹೋದದ್ದು ಹೋಯಿತು", "ನಿಮ್ಮ ನೋವು ನನಗೆ ಅರ್ಥವಾಗುತ್ತೆ", "ಜೀವ ಉಳಿಯಿತಲ್ಲ, ಅಷ್ಟೇ ಸಾಕು" ಎಂಬ ಮಾತುಗಳನ್ನು ನುಂಗಿಕೊಳ್ಳಿ. ಜೊತೆಗೆ ಕೂತು ಪಾತ್ರೆ ತಿಕ್ಕುತ್ತ ಸುಮ್ಮನಿದ್ದರೂ ಅದು ಸಾಂತ್ವನವೇ. ವಾರಗಳಾದರೂ ನಿದ್ದೆ ಊಟ ಬಿಟ್ಟವರು, ಸಾಯುವ ಮಾತಾಡುವವರು ಕಂಡರೆ ನೀವೇ ಸಲಹೆಗಾರರಾಗಲು ಹೋಗದೆ ತಜ್ಞರ ಹತ್ತಿರ ಜೊತೆಗೆ ಕರೆದೊಯ್ಯಿರಿ.

ಮಕ್ಕಳೊಂದಿಗೆ ಯಾವ ಸ್ವಯಂಸೇವಕನೂ ಒಂಟಿಯಾಗಿ ಇರಬಾರದು, ಇದರಲ್ಲಿ ರಿಯಾಯಿತಿಯಿಲ್ಲ. ಮಕ್ಕಳಿಗೆ ಬೇಕಾದ್ದು ಉಡುಗೊರೆಗಿಂತ ದಿನಚರಿ, ಅಂದರೆ ಅದೇ ಹೊತ್ತಿಗೆ ಆಟ, ಅದೇ ಹೊತ್ತಿಗೆ ಪಾಠ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ನೆರವು ಕೊಡುವ ಕೈಯಲ್ಲೇ ಕ್ಯಾಮೆರಾ ಇದ್ದರೆ ಎದುರಿನವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ನಿಮ್ಮ ಬಗ್ಗೆಯೂ ಎಚ್ಚರವಿರಲಿ. ವಾರಕ್ಕೆ ಒಂದು ದಿನ ಪೂರ್ತಿ ರಜೆ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚಿಲ್ಲದ ಕೆಲಸ. ಸಿಟ್ಟು ಬೇಗ ಬರುತ್ತಿದೆ, ಊರವರ ಮೇಲೇ ಬೇಸರವಾಗುತ್ತಿದೆ ಅನ್ನಿಸಿದರೆ ಅದು ದಣಿವು. ತಂಡದವರಿಗೆ ಹೇಳಿ ಎರಡು ದಿನ ದೂರವಿರಿ.

ಹೊರಡುವಾಗ

ಹೊರಡುವ ದಿನವನ್ನು ಬಂದ ದಿನವೇ ಹೇಳಿಬಿಡಿ. ಒಂದು ವಾರ ಮುಂಚೆ ಮನೆಮನೆಗೆ ಹೋಗಿ ಯಾವ ಕೆಲಸ ಮುಗಿದಿದೆ, ಯಾವುದು ಬಾಕಿ ಎಂದು ಕೂತು ಬರೆಯಿರಿ. ಬಾಕಿ ಕೆಲಸದ ಪಟ್ಟಿ, ಕೈನಕ್ಷೆ, ಸಲಕರಣೆಯ ಲೆಕ್ಕ, ಖರ್ಚಿನ ಲೆಕ್ಕ ಎಲ್ಲವನ್ನೂ ಊರಿನ ಸಮಿತಿಗೆ ಸಭೆಯಲ್ಲೇ ಓದಿ ಒಪ್ಪಿಸಿ. ಪಂಪ್ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಕ್ಲೋರಿನ್ ಕಿಟ್ ಮುಗಿದರೆ ಎಲ್ಲಿ ಸಿಗುತ್ತದೆ ಎಂಬುದೂ ಅದರಲ್ಲಿರಲಿ. ನೀವು ತಪ್ಪಿದ್ದು ಎಲ್ಲಿ ಎಂದು ಊರವರನ್ನೇ ಕೇಳಿ, ಹೇಳಿದ್ದನ್ನು ಬರೆದುಕೊಂಡು ಮುಂದಿನ ತಂಡಕ್ಕೆ ಕೊಡಿ.

ವಿಕೋಪ ನಡೆದ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮರುವರ್ಷ ಆ ದಿನ ಅಲ್ಲಿನ ಮನೆಗಳಿಗೆ ಫೋನ್ ಮಾಡಿ. ನಾನು ಮಾಡಿದಾಗ ಆ ಕಡೆಯಿಂದ ಮೊದಲು ಕೇಳಿಸಿದ್ದು ಹೊಲಿಗೆ ಯಂತ್ರದ ಸದ್ದು. "ಒಂದು ನಿಮಿಷ ಇರಪ್ಪಾ, ಈ ಅಂಚು ಮುಗಿಸಿಬಿಡ್ತೀನಿ" ಅಂದರು.